ಬಹಿರ್ದೆಸೆಯ ಬಗ್ಗೆ ಒಂದು ಬಹಿರಂಗ ಪತ್ರ

ಪೂಜ್ಯ ಭಾವನವರಿಗೆ,

ನಿಮ್ಮ ನಾದಿನಿಯ ನಮಸ್ಕಾರಗಳು. ಇತ್ತ ನಾವೆಲ್ಲ ಕ್ಷೇಮ. ಅತ್ತ ನಿಮ್ಮ ಕ್ಷೇಮಸಮಾಚಾರವನ್ನು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನವರು ಎರಡು ವರ್ಷಕ್ಕೊಮ್ಮೆ ತಪ್ಪದೆ ವಿಚಾರಿಸುತ್ತಿದ್ದರೂ, ಹೋಗಿಬರುವ ಅಂಚೆ ಖರ್ಚನ್ನೂ ತಾವೇ ಹಾಕಿಕೊಳ್ಳುತ್ತಿದ್ದರೂ, ನೀವು ಒಮ್ಮೆಯೂ ಉತ್ತರ ಕೊಟ್ಟಿಲ್ಲವೆಂದು ತಿಳಿಯಿತು. ಆ ದೃಢಸಂಕಲ್ಪವನ್ನು ಮೆಚ್ಚಿ ಈ ಪತ್ರ.

ಮನೆಯ ಮಾತನ್ನು ಪತ್ರಿಕೆಗೆ ಹಾಕಿದಳು ಎಂದು ಸಿಟ್ಟಾಗಬೇಡಿ. ನಿಮ್ಮ ಹೆಸರು ಬರೆದಿಲ್ಲ, ಊರೂ ಬರೆದಿಲ್ಲ. ಲಂಡನ್ನಿನಿಂದ ಮ್ಯಾಂಚೆಸ್ಟರಿನವರೆಗೆ ಇಂಥ ಭಾವಂದಿರು ಮನೆಗೊಬ್ಬರಂತೆ ಇರುವುದರಿಂದ ಓದಿದ ನಾದಿನಿಯರೆಲ್ಲ ಇದು ತಮ್ಮ ಭಾವನ ಕಥೆಯೇ ಅಂದುಕೊಳ್ಳುತ್ತಾರೆ. ನಿಮ್ಮ ಮಾನಕ್ಕೆ ಇದಕ್ಕಿಂತ ಒಳ್ಳೆಯ ಮರೆ ಸಿಗಲಾರದು.

ವಿಷಯಕ್ಕೆ ಬರುತ್ತೇನೆ. ಕಳೆದ ಸಲ ನಿಮ್ಮ ಮನೆಗೆ ಬಂದಾಗ ತಲೆನೋವಿನ ಮಾತ್ರೆ ಹುಡುಕುತ್ತ ಬಚ್ಚಲುಮನೆಯ ಕಪಾಟು ತೆಗೆದೆ. ಮುಂದಿನ ಸಾಲಿನಲ್ಲಿ ಇಸಬ್‌ಗೋಲ್ ಡಬ್ಬಿ, ಪಕ್ಕದಲ್ಲಿ ತ್ರಿಫಲಾ ಚೂರ್ಣ, ಊರಿಂದ ತಂದ ಹರಳೆಣ್ಣೆ ಶೀಷೆ. ಇವೆಲ್ಲದರ ಹಿಂದೆ, ಗೋಡೆಗೆ ಆತುಕೊಂಡು, ಕರುಳಿನ ಕ್ಯಾನ್ಸರ್ ತಪಾಸಣೆಯ ಕಿಟ್. ಲಕೋಟೆಯ ಅಂಟೂ ಬಿಟ್ಟಿರಲಿಲ್ಲ. ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿ ಮತ್ತು ಇಷ್ಟು ಉದಾಸೀನ ಒಂದೇ ಕಪಾಟಿನಲ್ಲಿ ಸಂಸಾರ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮವರು ಈ ಕಿಟ್ಟನ್ನು ವಾಪಸು ಕಳಿಸದಿರುವುದಕ್ಕೆ ನಾಚಿಕೆ ಕಾರಣ ಎಂದು ತಜ್ಞರು ಬರೆಯುತ್ತಾರೆ. ಪಾಪ, ಅವರು ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ ಕುಡಿದವರಲ್ಲ. "ಹೊಟ್ಟೆ ಸರಿಯಾಗಿ ಖಾಲಿಯಾಯ್ತಾ?" ಎನ್ನುವುದು ನಮ್ಮಲ್ಲಿ ಸುಪ್ರಭಾತ. ನೆಂಟರು ಬಂದ ಮಾರನೆಯ ದಿನ ಮೊದಲು ವಿಚಾರಿಸುವುದೇ ಜಾಗ ಬದಲಾಗಿದ್ದಕ್ಕೆ ಹೊಟ್ಟೆ ಕಟ್ಟಿಕೊಂಡಿತೇ ಎಂದು. ರಾತ್ರಿ ಊಟದ ಮೇಲಿನ ಬಾಳೆಹಣ್ಣು ರುಚಿಗಲ್ಲ, ನಾಳೆಯ ಅನುಕೂಲಕ್ಕೆ. ನಮ್ಮ ಅಪ್ಪ ತಮ್ಮ 'ಮೋಶನ್' ವರದಿಯನ್ನು ಆಕಾಶವಾಣಿಯ ಪ್ರದೇಶ ಸಮಾಚಾರಕ್ಕಿಂತ ಮೊದಲೇ ಬಿತ್ತರಿಸುತ್ತಿದ್ದರು. ಅಳಿಯಂದಿರಾದ ನೀವು ಎದುರಿಗೆ ಕೂತು, ಇಡ್ಲಿ ಮುರಿಯುತ್ತ, ಗಂಭೀರವಾಗಿ ಅದಕ್ಕೆ ತಲೆದೂಗುತ್ತಿದ್ದಿರಿ. ಹಾಗೆ ಬೆಳೆದು ಬಂದವರಿಗೆ ಈ ವಿಷಯದಲ್ಲಿ ನಾಚಿಕೆಯೇ? ಬಾಯಲ್ಲಿ ಹೇಳುವಾಗ ಇಲ್ಲದ ಸಂಕೋಚ ಬಾಟಲಿಗೆ ಹಾಕುವಾಗ ಎಲ್ಲಿಂದ ಬಂತು?

ಲಕೋಟೆ ಒಡೆಯದ ಕಾರಣ ಒಳಗೇನಿದೆ ಎಂಬುದು ನಿಮಗೆ ತಿಳಿದಿರಲಾರದು. ಬೆರಳುದ್ದದ ಒಂದು ಪ್ಲಾಸ್ಟಿಕ್ ಬಾಟಲಿ. ಅದರ ಮುಚ್ಚಳಕ್ಕೆ ಅಂಟಿಕೊಂಡೇ ಒಂದು ಸಣ್ಣ ಕಡ್ಡಿ, ಕಡ್ಡಿಯ ತುದಿಯಲ್ಲಿ ಗೀರುಗಳು. ಆ ಗೀರು ಮುಚ್ಚುವಷ್ಟು ಮಲ ತಾಗಿದರೆ ಸಾಕು. ಕಡ್ಡಿಯನ್ನು ವಾಪಸು ಬಾಟಲಿಗೆ ಹಾಕಿ ಟಕ್ಕೆಂದು ಮುಚ್ಚಿ, ತಾರೀಖು ಬರೆದು, ಕೊಟ್ಟಿರುವ ಚೀಲದಲ್ಲಿಟ್ಟು ಅಂಚೆಪೆಟ್ಟಿಗೆಗೆ ಹಾಕುವುದು. ಮಲ ಕಮೋಡಿನ ನೀರಿಗೆ ಬೀಳುವ ಮೊದಲು ಹಿಡಿಯಲು ಒಂದು ಬಿಸಾಡುವ ಡಬ್ಬಿ ಬೇಕು, ಅಷ್ಟೆ. ಖಾಲಿಯಾದ ಐಸ್‌ಕ್ರೀಂ ಡಬ್ಬಿಗಳನ್ನು ಒಂದನ್ನೂ ಎಸೆಯದೆ ಪೇರಿಸಿಟ್ಟ ಅಕ್ಕನನ್ನು ವರ್ಷಗಟ್ಟಲೆ ಆಡಿಕೊಂಡಿದ್ದೀರಿ. ಅವು ಯಾತಕ್ಕೆ ಎಂಬುದು ಈಗ ಗೊತ್ತಾಯಿತಲ್ಲ.

ಮೈಲಿಗೆ ಅಂತೀರಾ? ಕ್ಷಮಿಸಿ ಭಾವ, ನಾದಿನಿಯ ಸಲಿಗೆಯಿಂದ ಕೇಳುತ್ತೇನೆ. ಈ ದೇಶಕ್ಕೆ ಬಂದು ಇಷ್ಟು ದಶಕವಾದರೂ ಕಾಗದವನ್ನು ನಂಬದೆ ಚೊಂಬನ್ನೇ ನಂಬಿರುವವರು ನೀವು. ದಿನಾ ಬೆಳಿಗ್ಗೆ ನಿಮ್ಮ ಎಡಗೈಗೆ ಇರುವಷ್ಟು ನೇರ ಪರಿಚಯ ಆ ಕಡ್ಡಿಗೆ ಬೇಕಿಲ್ಲ. ಹೇಸಿಗೆಪಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಕಾಗದ ಬಳಸುವ ನಿಮ್ಮ ಪಕ್ಕದ ಮನೆಯವರಿಗೆ. ಅವರು ಕಳಿಸಿಯಾಗಿದೆ.

ಇನ್ನು ನಿಮ್ಮ ವಾದಗಳು. ಒಂದೊಂದೂ ಮುತ್ತು.

"ನನಗೇನಾಗಿದೆ? ಚೆನ್ನಾಗಿಯೇ ಇದ್ದೀನಲ್ಲ" ಎನ್ನುವುದು ಮೊದಲನೆಯದು. ನಿಜ, ಚೆನ್ನಾಗಿದ್ದೀರಿ. ಅದಕ್ಕೇ ಕಿಟ್ ಬಂದಿದೆ. ಏನಾದರೂ ಆದವರು ಕಿಟ್ಟಿಗೆ ಕಾಯದೆ ಜಿಪಿಯ, ಅಂದರೆ ಕುಟುಂಬ ವೈದ್ಯರ, ಹತ್ತಿರ ಹೋಗಬೇಕು. ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಅಭ್ಯಾಸ, ಕಾರಣವಿಲ್ಲದೆ ಇಳಿದ ತೂಕ ಇದ್ದವರ ದಾರಿ ಅದು. ತಪಾಸಣೆ ಇರುವುದೇ ಏನೂ ಆಗಿಲ್ಲ ಅನ್ನುವವರಿಗೆ. ದೊಡ್ಡ ಕರುಳಿನ ಒಳಗೋಡೆಯಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ. ಬಹುಪಾಲು ಗಂಟುಗಳು ಹಾಗೆಯೇ ಇದ್ದುಬಿಡುತ್ತವೆ. ಕೆಲವು ಮಾತ್ರ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಂಡು ಕ್ಯಾನ್ಸರ್ ಆಗುತ್ತವೆ. ಆ ಹತ್ತು ವರ್ಷವೂ ಮನುಷ್ಯ ಚೆನ್ನಾಗಿಯೇ ಇರುತ್ತಾನೆ, ವಾಕಿಂಗ್ ಹೋಗುತ್ತಾನೆ, ಯುಗಾದಿಗೆ ಒಬ್ಬಟ್ಟು ತಿನ್ನುತ್ತಾನೆ. ಗಂಟಿನಿಂದ ಆಗೀಗ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ಕಿಟ್ ಹುಡುಕುವುದು ಅದನ್ನು. ಕಣ್ಣಿಗೇ ಕಾಣುವಷ್ಟು ಬಂದರೂ ನಮ್ಮಲ್ಲಿ ಅದಕ್ಕೆ "ಉಷ್ಣ ಆಗಿದೆ, ಮಜ್ಜಿಗೆ ಕುಡಿ" ಎಂಬ ಚಿಕಿತ್ಸೆಯಿದೆ. ಅದೂ ಆಗದಿದ್ದರೆ "ಮೂಲವ್ಯಾಧಿ ಇರಬೇಕು, ನಮ್ಮ ವಂಶದಲ್ಲೇ ಇದೆ" ಎಂಬ ಸಮಾಧಾನ. ವಂಶದಲ್ಲಿ ಇದ್ದದ್ದು ಮೂಲವ್ಯಾಧಿಯೇ ಎಂದು ನೋಡಿ ಹೇಳಿದವರು ಯಾರು ಅಂತ ಮಾತ್ರ ಕೇಳಬಾರದು.

"ನಾವು ಸಸ್ಯಾಹಾರಿಗಳು" ಎನ್ನುವುದು ಎರಡನೆಯದು. ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದ್ದನ್ನು ನೀವು ವಾಟ್ಸ್ಆ್ಯಪ್‌ನಲ್ಲಿ ಹಂಚಿ ಸಂಭ್ರಮಿಸಿದ್ದು ನೆನಪಿದೆ. ನಾರು ತಿಂದರೆ ಅಪಾಯ ಕಡಿಮೆ, ಅದೂ ನಿಜ. ಕಡಿಮೆಯಾದ ಅಪಾಯ ಇಲ್ಲವಾದ ಅಪಾಯ ಅಲ್ಲ. ವಯಸ್ಸು ಎಂಬುದು ಎಲೆಯ ಮೇಲೆ ಏನು ಬಡಿಸಿದ್ದಾರೆ ಎಂದು ನೋಡಿ ಬರುವುದಿಲ್ಲ. ಹುರಳಿಕಾಯಿ ಪಲ್ಯ ಬಿಟ್ಟು ಗಂಟೆಗಟ್ಟಲೆ ಸೋಫಾದಲ್ಲಿ ಕೂತು ಬೀಟ್‌ರೂಟ್ ಚಿಪ್ಸ್ ತಿನ್ನುವುದೂ ಸಸ್ಯಾಹಾರವೇ. ಅಂದಹಾಗೆ, ಈಗಿನ ಕಿಟ್ ಮನುಷ್ಯರ ರಕ್ತವನ್ನು ಮಾತ್ರ ಗುರುತಿಸುತ್ತದೆ. ಪರೀಕ್ಷೆಗೆಂದು ನೀವು ಯಾವ ತರಕಾರಿಯನ್ನೂ ತ್ಯಾಗ ಮಾಡಬೇಕಿಲ್ಲ.

"ಬೆಂಗಳೂರಿಗೆ ಹೋದಾಗ ಫುಲ್ ಬಾಡಿ ಚೆಕಪ್ ಮಾಡಿಸ್ತೀನಿ" ಮೂರನೆಯದು. ಮಾಡಿಸಿದಿರಿ. ವರದಿಯ ಫೈಲನ್ನು ನನಗೂ ತೋರಿಸಿದಿರಿ. ರಕ್ತ, ಮೂತ್ರ, ಇಸಿಜಿ, ವಿಟಮಿನ್ ಡಿ, ಥೈರಾಯ್ಡ್, ಎಲ್ಲ ಇತ್ತು. ದೊಡ್ಡ ಕರುಳಿನ ಬಗ್ಗೆ ಒಂದಕ್ಷರ ಇರಲಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ್ದಕ್ಕೆ ನಂಬಿಕೆ, ಮನೆಬಾಗಿಲಿಗೆ ಪುಕ್ಕಟೆ ಬಂದದ್ದಕ್ಕೆ ಅನುಮಾನ! ಭಾರತದ ಸರ್ಕಾರಿ ತಪಾಸಣೆ ನೋಡುವುದು ಬಾಯಿ, ಸ್ತನ, ಗರ್ಭಕಂಠ ಈ ಮೂರು ಕ್ಯಾನ್ಸರುಗಳನ್ನು. ಅಲ್ಲಿ ಹೆಚ್ಚಾಗಿ ಕಾಡುವುದು ಅವೇ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 44,000 ಜನಕ್ಕೆ ಕರುಳಿನ ಕ್ಯಾನ್ಸರ್ ಪತ್ತೆಯಾಗುತ್ತದೆ. ವಲಸೆ ಬಂದವರ ಅಪಾಯವೂ ನಿಧಾನಕ್ಕೆ ಬಂದ ದೇಶದವರ ಮಟ್ಟದತ್ತ ಸರಿಯುತ್ತದೆ ಎಂಬುದು ಹಳೆಯ ತಿಳಿವಳಿಕೆ. ನೀವು ಪಾಸ್‌ಪೋರ್ಟ್ ಬದಲಾಯಿಸಿ ವರ್ಷಗಳಾದವು. ಕರುಳು ಮಾತ್ರ ಇನ್ನೂ ಬಸವನಗುಡಿಯ ವಿಳಾಸದಲ್ಲೇ ಇದೆ ಅಂದುಕೊಂಡಿದ್ದೀರಿ.

ನಾಲ್ಕನೆಯದನ್ನು ನೀವು ಜೋರಾಗಿ ಹೇಳಿಲ್ಲ. "ಗೊತ್ತಾಗದೇ ಇರೋದೇ ವಾಸಿ" ಎಂದು ಅಕ್ಕನ ಹತ್ತಿರ ಒಮ್ಮೆ ಅಂದಿರಂತೆ. ಇಲ್ಲಿ ಮಾತ್ರ ನಾನು ನಗಲಾರೆ. ಭಯ ಎಲ್ಲರಿಗೂ ಇದೆ. ಆದರೆ ಲೆಕ್ಕವನ್ನೂ ಸ್ವಲ್ಪ ನೋಡಿ. ಕಿಟ್ ವಾಪಸು ಕಳಿಸಿದ 100 ಜನರಲ್ಲಿ ಸುಮಾರು 98 ಮಂದಿಗೆ "ಸದ್ಯಕ್ಕೆ ಬೇರೆ ಪರೀಕ್ಷೆ ಬೇಡ" ಎಂಬ ಕಾಗದ ಬರುತ್ತದೆ. ಉಳಿದಿಬ್ಬರನ್ನು ಕೊಳವೆ ಕ್ಯಾಮೆರಾದಿಂದ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೋಪಿಗೆ ಕರೆಯುತ್ತಾರೆ. ಹಾಗೆ ಹೋದವರಲ್ಲೂ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಅಲ್ಲೇ ತೆಗೆದುಬಿಡುತ್ತಾರೆ; ಬರಬಹುದಾಗಿದ್ದ ಕಾಯಿಲೆ ಬರುವ ಮೊದಲೇ ಹೋಯಿತು. ಕ್ಯಾನ್ಸರೇ ಆಗಿದ್ದರೂ ಮೊದಲ ಹಂತದಲ್ಲಿ ಸಿಕ್ಕವರಲ್ಲಿ 10ಕ್ಕೆ 9ಕ್ಕಿಂತ ಹೆಚ್ಚು ಜನ ಐದು ವರ್ಷ ದಾಟಿ ಬದುಕುತ್ತಾರೆ. ನಾಲ್ಕನೇ ಹಂತದಲ್ಲಿ ಸಿಕ್ಕವರಲ್ಲಿ 10ಕ್ಕೆ ಒಬ್ಬರು. ಗೊತ್ತಾಗುವುದು ಹೇಗೂ ಗೊತ್ತಾಗುತ್ತದೆ. ಯಾವಾಗ ಎನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ, ಕಪಾಟಿನಲ್ಲಿದೆ. ಕೊಲೊನೊಸ್ಕೋಪಿಗೆ ಮುಂಚೆ ಹೊಟ್ಟೆ ತೊಳೆಯುವ ಔಷಧಿಗೆ ಹೆದರುತ್ತೀರಾದರೆ, ಬೇಸಿಗೆ ರಜೆಯಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ ತಲೆಮಾರು ನಿಮ್ಮದು. ತರಬೇತಿ ಆಗಿದೆ. ಕಾರಿನ ವಾರ್ಷಿಕ ಎಂಒಟಿ ತಪಾಸಣೆಯ ತಾರೀಖನ್ನು ಎಂದೂ ತಪ್ಪಿಸದ ನಿಮಗೆ ಕಾರಿನ ತಳದಲ್ಲಿ ತುಕ್ಕು ಸಿಕ್ಕೀತು ಎಂಬ ಭಯ ಯಾಕೋ ಕಾಡುವುದಿಲ್ಲ.

ಈಗ ಎನ್‌ಎಚ್‌ಎಸ್‌ನವರಿಗೂ ನಾಲ್ಕು ಮಾತು. ಪತ್ರ ಬಹಿರಂಗವಾದ್ದರಿಂದ ಅವರೂ ಕೇಳಿಸಿಕೊಳ್ಳಲಿ.

ಇಂಗ್ಲೆಂಡಿನಲ್ಲಿ 2006ರಲ್ಲಿ ಈ ಕಾರ್ಯಕ್ರಮ ಶುರುವಾದಾಗ ಕಿಟ್ ಬೇರೆಯೇ ಇತ್ತು. ಮೂರು ಸಲದ ಮಲದಿಂದ ಸಲಕ್ಕೆ ಎರಡರಂತೆ, ಒಟ್ಟು ಆರು ಕಡೆ, ರಟ್ಟಿನ ಕಾರ್ಡಿನ ಕಿಟಕಿಗಳಿಗೆ ಹಚ್ಚಬೇಕಿತ್ತು. ಆ ಕಾರ್ಡು ದಿನಗಟ್ಟಲೆ ಮನೆಯಲ್ಲಿ ಇರಬೇಕಿತ್ತು. ಎಲ್ಲಿಡುವುದು, ದೇವರ ಕೋಣೆಯ ಪಕ್ಕವೇ? ಜನ ಕಳಿಸಲಿಲ್ಲ. ಆಗ ಕರಪತ್ರ ಸರಳ ಮಾಡಿ ನೋಡಿದರು, ಪಾರಾದವರ ಕಥೆಗಳನ್ನು ಅಚ್ಚು ಹಾಕಿಸಿ ಹಂಚಿದರು. ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಪತ್ರದಲ್ಲಿ ಜಿಪಿಯ ಹೆಸರು ಸೇರಿಸಿದಾಗ, ಜ್ಞಾಪನ ಪತ್ರವನ್ನು ಇನ್ನಷ್ಟು ಗಟ್ಟಿ ಮಾಡಿದಾಗ ಸ್ವಲ್ಪ ಹೆಚ್ಚಿತು. ನಿಜವಾಗಿ ಹೆಚ್ಚಿದ್ದು ಯಾವಾಗ ಗೊತ್ತೇ? ಮೂರು ಸಲದ ಕೆಲಸವನ್ನು ಒಂದು ಸಲಕ್ಕೆ ಇಳಿಸಿದಾಗ. ಫಿಟ್ (FIT) ಎಂಬ ಈಗಿನ ಕಿಟ್ಟನ್ನು 2014ರಲ್ಲಿ ಪ್ರಯೋಗ ಮಾಡಿ ನೋಡಿದಾಗ ಕಳಿಸಿದವರ ಪ್ರಮಾಣ ಶೇ. 59ರಿಂದ 66ಕ್ಕೆ ಏರಿತು. ಹಿಂದೆ ಎಂದೂ ಕಳಿಸದೆ ಹಟ ಹಿಡಿದವರಲ್ಲಂತೂ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅಲ್ಲಿಯವರೆಗೆ ಅಜ್ಞಾನಿಗಳು, ಅಂಜುಬುರುಕರು ಎನಿಸಿಕೊಂಡವರು ರಾತ್ರೋರಾತ್ರಿ ಜ್ಞಾನಿಗಳಾಗಲಿಲ್ಲ, ಧೀರರಾಗಲಿಲ್ಲ. ಕೆಲಸ ಸಣ್ಣದಾಯಿತು, ಮಾಡಿದರು. 2019ರಿಂದ ದೇಶಕ್ಕೆಲ್ಲ ಅದೇ ಕಿಟ್ ಬಂತು. ಜನರನ್ನು ತಿದ್ದುವ ಮೊದಲು ಕಿಟ್ಟನ್ನು ತಿದ್ದಬಹುದು ಎಂದು ಹೊಳೆಯಲು ಹದಿಮೂರು ವರ್ಷ ಹಿಡಿಯಿತು.

ಇನ್ನೂ ಒಂದಿದೆ. ಶುರುವಿನ ವರ್ಷಗಳ ಲೆಕ್ಕದಲ್ಲಿ ಸ್ಥಿತಿವಂತ ಪ್ರದೇಶಗಳಲ್ಲಿ ಶೇ. 61 ಜನ ಕಳಿಸಿದರೆ, ತೀರಾ ಬಡ ಪ್ರದೇಶಗಳಲ್ಲಿ ಶೇ. 35. ಅದಕ್ಕೂ ಮುಂಚೆ ಕೋವೆಂಟ್ರಿ ಸುತ್ತಮುತ್ತ ನಡೆದ ಮೊದಲ ಪ್ರಯೋಗದಲ್ಲಿ ದಕ್ಷಿಣ ಏಷ್ಯಾ ಮೂಲದವರು ಭಾಗವಹಿಸಿದ್ದು ಉಳಿದವರ ಅರ್ಧದಷ್ಟು ಪ್ರಮಾಣದಲ್ಲಿ. ಇದನ್ನೆಲ್ಲ ನಾಚಿಕೆಯ ಲೆಕ್ಕಕ್ಕೆ ಬರೆದುಬಿಡುವುದು ಬಹಳ ಸಲೀಸು. ಆದರೆ ರಾತ್ರಿಪಾಳಿ ಮುಗಿಸಿ ಬಂದು, ನಾಲ್ಕು ಸಂಸಾರಕ್ಕೆ ಒಂದೇ ಕಕ್ಕಸಿರುವ ಮನೆಯಲ್ಲಿ, ಹೊರಗೆ ಬಾಗಿಲು ಬಡಿಯುವವರನ್ನು ಕಾಯಿಸಿ ಕಡ್ಡಿ ಹಿಡಿದು ನಿಲ್ಲುವುದು ಎಂಥ ಕೆಲಸ ಎಂದು ಯೋಚಿಸಿ ನೋಡಿ. ಆರು ತಿಂಗಳಿಗೊಮ್ಮೆ ಬಾಡಿಗೆ ಮನೆ ಬದಲಾಯಿಸುವವರ ಕಿಟ್ ಹಳೆಯ ವಿಳಾಸಕ್ಕೆ ಹೋಗುತ್ತದೆ. ಜಿಪಿಯಲ್ಲಿ ಹೆಸರು ಬರೆಸದವರಿಗೆ ಕಿಟ್ ಬರುವುದೇ ಇಲ್ಲ. ಇಂಗ್ಲಿಷ್ ಬಾರದ ಅಮ್ಮನ ಹೆಸರಿಗೆ ಬಂದ ಲಕೋಟೆಯನ್ನು ಒಡೆಯುವವನು ಮಗ. ಮಗ ಅಮ್ಮನಿಗೆ ಇದನ್ನು ಹೇಗೆ ವಿವರಿಸಿಯಾನು? ಸೊಸೆಗೆ ದಾಟಿಸುತ್ತಾನೆ, ಸೊಸೆ ಫ್ರಿಜ್ಜಿನ ಮೇಲಿಡುತ್ತಾಳೆ, ಅಲ್ಲಿಂದ ಅದು ಮರುಬಳಕೆಯ ಬುಟ್ಟಿಗೆ ಹೋಗುತ್ತದೆ. ಅಮ್ಮ ತಪಾಸಣೆ ಬೇಡ ಅಂದಳು ಎಂದು ಅಂಕಿಅಂಶದಲ್ಲಿ ದಾಖಲಾಗುತ್ತದೆ. ಅವಳನ್ನು ಯಾರೂ ಕೇಳಿರಲೇ ಇಲ್ಲ.

ಭಾವ, ಈ ಪೈಕಿ ಒಂದು ಕಷ್ಟವೂ ನಿಮಗಿಲ್ಲ. ಸ್ವಂತ ಮನೆ, ಎರಡು ಬಚ್ಚಲು, ನಿವೃತ್ತಿಯ ಬಿಡುವು, ಕನ್ನಡ ಬಳಗದ ಸ್ಮರಣ ಸಂಚಿಕೆ ತಿದ್ದುವಷ್ಟು ಇಂಗ್ಲಿಷ್. ಅನುಕೂಲಗಳೆಲ್ಲ ಇದ್ದೂ ಅನನುಕೂಲಸ್ಥರ ಅಂಕಿಅಂಶದಲ್ಲಿ ಸ್ವಇಚ್ಛೆಯಿಂದ ಸೇರಿಕೊಂಡ ನಿಮ್ಮ ಸಮಾನತಾ ಭಾವ ದೊಡ್ಡದು.

ಈ ದೇಶದಲ್ಲಿ ಡೆಬೊರಾ ಜೇಮ್ಸ್ ಎಂಬ ಹೆಣ್ಣುಮಗಳಿದ್ದಳು. ಶಾಲೆಯಲ್ಲಿ ಉಪಮುಖ್ಯೋಪಾಧ್ಯಾಯಿನಿ. 2016ರ ಕೊನೆಯಲ್ಲಿ, 35ನೇ ವಯಸ್ಸಿಗೆ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಅಷ್ಟು ಚಿಕ್ಕ ವಯಸ್ಸಿನವರಿಗೆ ಕಿಟ್ ಬರುವುದಿಲ್ಲ. ಆಗ 60ಕ್ಕೆ ಬರುತ್ತಿತ್ತು, ಈಗ 50ಕ್ಕೆ ಬರುತ್ತದೆ. ಕಿಟ್ ಬರುವವರೂ ಬಾರದವರೂ ತಮ್ಮ ಮಲವನ್ನು ತಿರುಗಿ ನೋಡಲಿ ಎಂದು ಆಕೆ ಬಿಬಿಸಿಯ ಪಾಡ್‌ಕಾಸ್ಟಿನಲ್ಲಿ ಮಾತಾಡಿದಳು, ಮಲದ ವೇಷವನ್ನೇ ತೊಟ್ಟಳು. 2022ರ ಮೇ ತಿಂಗಳಲ್ಲಿ ರಾಜಕುಮಾರ ವಿಲಿಯಂ ಮನೆಗೇ ಬಂದು 'ಡೇಮ್' ಬಿರುದು ಕೊಟ್ಟ. ಜೂನ್ ತಿಂಗಳಲ್ಲಿ ಆಕೆ ತೀರಿಕೊಂಡಳು, 40 ವರ್ಷ. ಆಮೇಲೆ ಟಾಯ್ಲೆಟ್ ಪೇಪರಿನ ಹೊದಿಕೆಯ ಮೇಲೂ ಕಾಯಿಲೆಯ ಲಕ್ಷಣಗಳನ್ನು ಅಚ್ಚು ಹಾಕತೊಡಗಿದರು. ಒಳ್ಳೆಯ ಯೋಚನೆ. ನಮ್ಮ ಮನೆಗಳಿಗೆ ಮಾತ್ರ ತಲುಪಲಿಲ್ಲ, ಚೊಂಬಿನ ಮೇಲೆ ಯಾರೂ ಏನೂ ಬರೆದಿಲ್ಲವಲ್ಲ.

ಕೊನೆಗೆ ಒಂದು ಗುಟ್ಟು ಒಡೆಯಬೇಕು. ಅಕ್ಕ ತನ್ನ ಕಿಟ್ಟನ್ನು ಪ್ರತಿ ಸಲವೂ ಕಳಿಸಿದ್ದಾಳೆ. ನಿಮಗೆ ಹೇಳಿಲ್ಲ. ಯಾಕೆ ಹೇಳಲಿಲ್ಲ ಅಂದರೆ, "ಇದನ್ನೆಲ್ಲ ಏನಂತ ಹೇಳೋದೇ" ಅಂದಳು. ನಾನೂ ಕಳಿಸಿದ್ದೇನೆ, ಅವಳಿಗೆ ಹೇಳಿರಲಿಲ್ಲ. ನಿಮ್ಮ ಬಳಗದ ಅಧ್ಯಕ್ಷರು ಕಳಿಸಿದ್ದಾರೋ ಇಲ್ಲವೋ ಅವರ ಹೆಂಡತಿಗೂ ಗೊತ್ತಿರಲಾರದು. ಗಂಡಸರು ಹೆಂಗಸರಿಗಿಂತ ಕಡಿಮೆ ಕಳಿಸುತ್ತಾರೆ. ಸಂಗಾತಿ ಇರುವವರು ಒಂಟಿಯಾಗಿರುವವರಿಗಿಂತ ಹೆಚ್ಚು ಕಳಿಸುತ್ತಾರೆ. ಒಮ್ಮೆ ಕಳಿಸಿದವರು ಮುಂದೆಯೂ ಕಳಿಸುತ್ತ ಹೋಗುತ್ತಾರೆ. ಇವೆಲ್ಲ ಅಧ್ಯಯನಗಳಲ್ಲಿ ಕಂಡ ಮಾತು. ಹಾಗಾದರೆ ಜೊತೆಗಿರುವವರು ಒಂದು ಮಾತಾಡಿದರೆ ಆಗುವ ಕೆಲಸ ಇದು. ಕಳಿಸದವರು ಸುಮ್ಮನಿರುವುದು ಸಹಜ. ಕಳಿಸಿದವರೂ ತುಟಿ ಹೊಲಿದುಕೊಂಡರೆ "ನಮ್ಮ ಜನ ಯಾರೂ ಇದನ್ನೆಲ್ಲ ಮಾಡಲ್ಲ" ಎಂಬ ಸುಳ್ಳು ತಾನೇ ತಾನಾಗಿ ನಿಜವಾಗುತ್ತದೆ. ಹೊಟ್ಟೆಯ ಬಗ್ಗೆ ದಿನವಿಡೀ ಹರಟುವ ನಾವು ಹರಟಲೇಬೇಕಾದ ಒಂದನ್ನು ಬಿಟ್ಟು ಬೇರೆಲ್ಲ ಹರಟಿದ್ದೇವೆ.

ಆದ್ದರಿಂದ ನನ್ನ ಬೇಡಿಕೆ ಎರಡು. ಮೊದಲನೆಯದು, ನಾಳೆ ಬೆಳಿಗ್ಗೆ ಕಡ್ಡಿ. ಎರಡನೆಯದು ಸ್ವಲ್ಪ ಕಷ್ಟ. ಮುಂದಿನ ರಾಜ್ಯೋತ್ಸವಕ್ಕೆ ವಂದನಾರ್ಪಣೆ ಎಂದಿನಂತೆ ನಿಮ್ಮದೇ. ಊಟಕ್ಕೆ ಕಾದು ಕೂತ ಸಭೆಯನ್ನು ನೀವು ಹೇಗೂ ಬೇಗ ಬಿಡುವವರಲ್ಲ. ಮೈಕಿನವರಿಗೆ, ಅಡುಗೆಯವರಿಗೆ, ಪ್ರಾಯೋಜಕರಿಗೆ ಧನ್ಯವಾದ ಹೇಳಿದ ಮೇಲೆ ಒಂದೇ ವಾಕ್ಯ ಸೇರಿಸಿ: "ನನಗೆ ಕಿಟ್ ಬಂದಿತ್ತು, ಕಳಿಸಿದ್ದೇನೆ, ನೀವೂ ಕಳಿಸಿ." ಸಭೆ ನಗುತ್ತದೆ. ನಗಲಿ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಒಬ್ಬಿಬ್ಬರು ಪಕ್ಕಕ್ಕೆ ಬಂದು "ಅದು ಹೇಗೆ ಮಾಡೋದು ಸಾರ್?" ಎಂದು ಕೇಳಿಯೇ ಕೇಳುತ್ತಾರೆ. ಬಿಸಿಬೇಳೆಭಾತಿನ ಪಾತ್ರೆಯ ಎದುರು ಹೇಗೆ ಹೇಳಲಿ ಎಂದು ಅನುಮಾನಿಸಬೇಡಿ. ಇಡ್ಲಿ ಮುರಿಯುತ್ತ ಕೇಳಿದವರು ನೀವು, ಹೇಳಲೂ ಬಲ್ಲಿರಿ.

ಇಂತಿ ನಿಮ್ಮ ವಿಧೇಯ ಮತ್ತು ಅಧಿಕಪ್ರಸಂಗಿ
ನಾದಿನಿ

ವಿ.ಸೂ.: 74 ದಾಟಿದರೆ ಕಿಟ್ ತಾನಾಗಿ ಬರುವುದಿಲ್ಲ, ಫೋನು ಮಾಡಿ ಕೇಳಿ ತರಿಸಿಕೊಳ್ಳಬೇಕು. ನಿಮ್ಮ ಅಣ್ಣನವರಿಗೂ ತಿಳಿಸಿ. ಮತ್ತೆ, ಬಾಟಲಿಯ ಮೇಲೆ ತಾರೀಖು ಬರೆಯಲು ಮರೆಯಬೇಡಿ. ತಾರೀಖಿಲ್ಲದಿದ್ದರೆ ಪರೀಕ್ಷೆ ಮಾಡದೆ ಹೊಸ ಕಿಟ್ ಕಳಿಸುತ್ತಾರೆ. ಅದರ ಹಿಂದೆಯೇ ನನ್ನಿಂದಲೂ ಹೊಸ ಪತ್ರ ಬರುತ್ತದೆ. ಆ ಸಲ ಊರಿನ ಹೆಸರು ಹಾಕುತ್ತೇನೆ.